ಹಿಂಡು ಮಾರಾಟಕ್ಕಿಲ್ಲ

ಮನೆಯಲ್ಲಿ ಸಮುದ್ರದ ನೀರಿನ ಅಕ್ವೇರಿಯಂ ಇಟ್ಟವರ ನಡುವೆ ಒಂದು ಲೆಕ್ಕ ಚಾಲ್ತಿಯಲ್ಲಿದೆ. ಏಳು ಕ್ರೋಮಿಸ್ ತಂದು ಬಿಟ್ಟರೆ ಕೆಲವೇ ವಾರಗಳಲ್ಲಿ ಆರಾಗುತ್ತವೆ. ಆಮೇಲೆ ಐದು, ನಾಲ್ಕು. ಕೊನೆಗೆ ಒಂದೇ ಒಂದು ಉಳಿದು, ಗುಂಡುಗುಂಡಾಗಿ, ತನಗೂ ಇದಕ್ಕೂ ಸಂಬಂಧವೇ ಇಲ್ಲವೆಂಬಂತೆ ಓಡಾಡಿಕೊಂಡಿರುತ್ತದೆ. ಸತ್ತವುಗಳ ಹೆಣ ಕಣ್ಣಿಗೆ ಬೀಳುವುದೂ ಅಪರೂಪ. ಬೆಳಗಾಗುವುದರೊಳಗೆ ಏಡಿ, ಹುಳುಗಳು ಅದನ್ನು ಮುಗಿಸಿರುತ್ತವೆ. ಕೂತು ಎಣಿಸಿದಾಗಷ್ಟೇ ಒಂದು ಕಮ್ಮಿ ಎಂದು ಗೊತ್ತಾಗುವುದು.

ನೀಲಿ ಹಸಿರು ಕ್ರೋಮಿಸ್, ವಿಜ್ಞಾನಿಗಳ ಬಾಯಲ್ಲಿ ಕ್ರೋಮಿಸ್ ವಿರಿಡಿಸ್, ಕೆಂಪು ಸಮುದ್ರದಿಂದ ಪೆಸಿಫಿಕ್‌ ದ್ವೀಪಗಳವರೆಗೆ ಹರಡಿರುವ ಮೀನು. ನಮ್ಮ ಲಕ್ಷದ್ವೀಪ, ಅಂಡಮಾನ್‌ಗಳ ಹವಳದ ದಿಬ್ಬಗಳಲ್ಲೂ ಇದೆ. ಉದ್ದ ಹೆಚ್ಚೆಂದರೆ ಎಂಟು ಹತ್ತು ಸೆಂಟಿಮೀಟರ್. ಬೆಳಕು ಬಿದ್ದ ಕೋನ ಬದಲಾದಂತೆ ಮೈ ಒಮ್ಮೆ ಎಳೆ ಹಸಿರು, ಒಮ್ಮೆ ತಿಳಿ ನೀಲಿ. ಪ್ರಪಂಚದಲ್ಲಿ ಅತಿ ಹೆಚ್ಚು ಮಾರಾಟವಾಗುವ ಸಾಗರದ ಅಲಂಕಾರಿಕ ಮೀನುಗಳಲ್ಲಿ ಇದೂ ಒಂದು. ಬೆಲೆ ಉಳಿದ ಸಾಗರದ ಮೀನುಗಳಿಗಿಂತ ಕಡಿಮೆ, ಸ್ವಭಾವ ಸಾಧು ಎಂಬ ಹೆಸರು, ಮೇಲಾಗಿ ಗುಂಪಿನಲ್ಲಿ ಈಜುತ್ತದೆ ಎಂಬ ಆಸೆ. ಹೊಸದಾಗಿ ಟ್ಯಾಂಕ್ ಇಡುವವರ ಕಣ್ಣು ಮೊದಲು ಬೀಳುವುದೇ ಇದರ ಮೇಲೆ. ಅಂಗಡಿಯವರೂ ‘ಒಂದು ಡಜನ್ ತಗೊಳ್ಳಿ ಸಾರ್, ಹಿಂಡು ಚೆನ್ನಾಗಿ ಕಾಣುತ್ತೆ’ ಎನ್ನುತ್ತಾರೆ.

ಹಾಗಾದರೆ ಹಿಂಡು ಕರಗುವುದೇಕೆ? ಮೊದಲು ಅದು ಕಟ್ಟಿಕೊಳ್ಳುವುದೇಕೆ ಎಂದು ನೋಡಬೇಕು.

ಹಿಂಡಾಗಿ ಸಾಗುವ ಮೀನನ್ನು ಕರಾವಳಿಯವರಿಗೆ ಪರಿಚಯಿಸಬೇಕಾಗಿಲ್ಲ. ಉತ್ತರ ಕನ್ನಡದಿಂದ ಮಂಗಳೂರಿನವರೆಗೆ ದಡದಲ್ಲಿ ನಿಂತು ಎಳೆಯುತ್ತಿದ್ದ ರಂಪಣಿ ಬಲೆ ಬೂತಾಯಿ, ಬಂಗುಡೆಗಳ ಈ ಸ್ವಭಾವವನ್ನೇ ನಂಬಿಕೊಂಡಿತ್ತು. 1970ರ ದಶಕದಲ್ಲಿ ಬಂದ ಪರ್ಸೀನ್ ಬೋಟುಗಳು ಅದೇ ಹಿಂಡನ್ನು ಕಡಲ ನಡುವೆಯೇ ಸುತ್ತುವರಿದು ಎತ್ತತೊಡಗಿದ ಮೇಲೆ ರಂಪಣಿಗೆ ಉಳಿಗಾಲವಿಲ್ಲದಾಯಿತು. ಬೂತಾಯಿಗೆ ಹಿಂಡು ಬಿಟ್ಟರೆ ಬೇರೆ ಬದುಕಿಲ್ಲ. ಅಕ್ಕಪಕ್ಕದವರ ಚಲನೆಯನ್ನು ಕಣ್ಣಿನಿಂದಲೂ, ಮೈಯ ಎರಡು ಬದಿಯ ಪಾರ್ಶ್ವರೇಖೆ ಎಂಬ ಸ್ಪರ್ಶ ಸಾಲಿನಿಂದಲೂ ಹಿಡಿದು ಹಿಂಡಿನ ಮೀನುಗಳಲ್ಲಿ ಹೆಚ್ಚಿನವು ಒಟ್ಟಿಗೆ ತಿರುಗುತ್ತವೆ. 1976ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂದ ಒಂದು ಪ್ರಯೋಗದಲ್ಲಿ ಕಾಡ್ ಕುಟುಂಬದ ಸೇತ್ ಮೀನಿನ ಕಣ್ಣಿಗೆ ಮುಚ್ಚಳ ಹಾಕಿ ಹಿಂಡಿನೊಳಗೆ ಬಿಟ್ಟರು. ಅದು ತನ್ನ ಜಾಗ ಬಿಡದೆ ಜೊತೆಯಲ್ಲೇ ಈಜಿತು. ಕಣ್ಣು ಮುಚ್ಚುವುದರ ಜೊತೆಗೆ ಪಾರ್ಶ್ವರೇಖೆಯ ನರವನ್ನೂ ಕತ್ತರಿಸಿದ ಮೇಲೆಯೇ ಅದಕ್ಕೆ ದಿಕ್ಕು ತಪ್ಪಿದ್ದು.

ಇಷ್ಟೆಲ್ಲ ಸಾಧನ ಸಲಕರಣೆ ಇರುವುದು ಭಯಕ್ಕಾಗಿ. ಜೀವವಿಜ್ಞಾನಿ ಡಬ್ಲ್ಯು.ಡಿ. ಹ್ಯಾಮಿಲ್ಟನ್ 1971ರ ಪ್ರಸಿದ್ಧ ಪ್ರಬಂಧದಲ್ಲಿ ಇದನ್ನು ಒಂದು ಕೊಳದ ಚಿತ್ರದಿಂದ ವಿವರಿಸಿದ. ಕೊಳದ ಸುತ್ತ ಕಪ್ಪೆಗಳು ಕೂತಿವೆ. ನೀರಿನಿಂದ ಏಳುವ ಹಾವು ತನಗೆ ಹತ್ತಿರದ ಕಪ್ಪೆಯನ್ನು ಹಿಡಿಯುತ್ತದೆ. ಪ್ರತಿ ಕಪ್ಪೆಗೂ ಇನ್ನೆರಡು ಕಪ್ಪೆಗಳ ನಡುವಿನ ಸಂದಿಯೇ ಕ್ಷೇಮ. ಎಲ್ಲವೂ ಹಾಗೇ ನುಗ್ಗುತ್ತಾ ಹೋದರೆ ಯಾರೂ ಸಂಘ ಕಟ್ಟದೆಯೇ ಒಂದು ಗುಂಪಾಗಿಬಿಡುತ್ತದೆ. ಒಗ್ಗಟ್ಟು, ಸಹಬಾಳ್ವೆ ಎಂದು ನಾವು ಮೆಚ್ಚುವ ದೃಶ್ಯದ ಕೆಳಗಿರುವುದು ‘ನನ್ನ ಬದಲು ಪಕ್ಕದವನು ಸಿಗಲಿ’ ಎಂಬ ಹಂಚಿಕೆ.

ಕ್ರೋಮಿಸ್ ಬೂತಾಯಿಯಷ್ಟು ಕಟ್ಟುನಿಟ್ಟಿನ ಹಿಂಡಿನ ಮೀನಲ್ಲ. ಅದರದು ಸಡಿಲ ಗುಂಪು. ಕೊಂಬೆಕೊಂಬೆಯಾಗಿ ಬೆಳೆದ ಹವಳದ ಮೇಲೆ ಹಗಲೆಲ್ಲ ತೇಲುತ್ತಾ, ಪ್ರವಾಹದಲ್ಲಿ ಬರುವ ಪ್ಲವಕಗಳನ್ನು ಒಂದೊಂದಾಗಿ ಹೆಕ್ಕಿ ತಿನ್ನುತ್ತದೆ. ದೊಡ್ಡ ಮೀನಿನ ನೆರಳು ಕಂಡರೆ ಇಡೀ ಗುಂಪು ಕ್ಷಣದಲ್ಲಿ ಕೊಂಬೆಗಳ ಒಳಗೆ. ರಾತ್ರಿ ನಿದ್ದೆಯೂ ಅಲ್ಲೇ. ಈ ಮೀನನ್ನು ತಂದು ಗಾಜಿನ ಪೆಟ್ಟಿಗೆಗೆ ಬಿಟ್ಟರೆ ಮೊದಲ ದಿನಗಳಲ್ಲಿ ಚೆಂದದ ಹಿಂಡು ಕಾಣುತ್ತದೆ, ಏಕೆಂದರೆ ಅವು ಹೆದರಿರುತ್ತವೆ. ದಿನ ಕಳೆದಂತೆ ಇಲ್ಲಿ ತಿನ್ನುವವರು ಯಾರೂ ಇಲ್ಲ ಎಂದು ಗೊತ್ತಾಗುತ್ತದೆ. ಹೆದರಿಕೆ ಹೋದ ಮೇಲೆ ಜೊತೆ ಯಾಕೆ ಬೇಕು? ಪಕ್ಕದಲ್ಲಿರುವುದು ಈಗ ಜಾಗಕ್ಕೂ ಊಟಕ್ಕೂ ಪೈಪೋಟಿ. ದೊಡ್ಡದು ಚಿಕ್ಕದನ್ನು ಅಟ್ಟುತ್ತದೆ. ಸಮುದ್ರದಲ್ಲಾದರೆ ಅಟ್ಟಿಸಿಕೊಂಡ ಮೀನು ಆಚೆಯ ಹವಳಕ್ಕೆ ಹೋಗುತ್ತಿತ್ತು. ಇಲ್ಲಿ ಎರಡಡಿ ಹೋದರೆ ಗಾಜು.

ಹೊಸ ಟ್ಯಾಂಕಿನವರು ಕೇಳಲು ಇಷ್ಟಪಡದ ಮಾತು ಇದು. ಮೀನನ್ನು ಕೊಳ್ಳಬಹುದು, ಹಿಂಡನ್ನು ಕೊಳ್ಳಲಾಗದು. ನಿಮ್ಮ ಮೀನುಗಳು ಅಲ್ಲಲ್ಲಿ ಚೆದುರಿ ಆರಾಮಾಗಿ ಈಜುತ್ತಿದ್ದರೆ ಅದು ಸೋಲಲ್ಲ, ಅವುಗಳ ನೆಮ್ಮದಿಯ ಗುರುತು. ಹಿಂಡು ಕಟ್ಟಿಸಲೆಂದೇ ಒಂದು ದೊಡ್ಡ ಬೇಟೆ ಮೀನನ್ನು ಜೊತೆಗೆ ಬಿಡಿ ಎಂದು ಸಲಹೆ ಕೊಡುವವರೂ ಇದ್ದಾರೆ. ನೋಡುವವರ ಕಣ್ಣಿನ ತಂಪಿಗೆ ಒಂದು ಜೀವವನ್ನು ಹಗಲೂ ರಾತ್ರಿ ನಡುಗಿಸುವ ಈ ಉಪಾಯ ನನಗಂತೂ ಹಿಡಿಸುವುದಿಲ್ಲ.

ಕೆಂಪು ಕಲೆ

ಕ್ರೋಮಿಸ್ ಕರಗುವುದಕ್ಕೆ ಜಗಳವೊಂದೇ ಕಾರಣವಲ್ಲ. ಇನ್ನೊಂದರ ಹೆಸರು ಯುರೊನೀಮಾ ಮರೈನಮ್, ಸೂಕ್ಷ್ಮದರ್ಶಕದಲ್ಲಷ್ಟೇ ಕಾಣುವ ಏಕಕೋಶ ಜೀವಿ. ಮೀನಿನ ಪಕ್ಕೆಯಲ್ಲೋ, ಎದೆರೆಕ್ಕೆಯ ಹಿಂದೆಯೋ ಹುರುಪೆ ಎದ್ದ ಕೆಂಪು ಕಲೆ ಕಾಣಿಸುತ್ತದೆ. ಹೊಸಬರು ಅದನ್ನು ಜಗಳದ ಗಾಯ ಎಂದುಕೊಳ್ಳುತ್ತಾರೆ. ಕಲೆ ಹೊರಗೆ ಕಾಣುವ ಹೊತ್ತಿಗೆ ಜೀವಿ ಮಾಂಸದೊಳಕ್ಕೆ ಇಳಿದಿರುತ್ತದೆ. ಆ ಹಂತದಲ್ಲಿ ನೀರಿಗೆ ಹಾಕುವ ಔಷಧ ಮುಟ್ಟುವುದು ಕಷ್ಟ, ಮೀನು ಉಳಿಯುವುದು ಅಪರೂಪ.

ಸಾಗರದ ಮೀನುಗಳ ಬಿಳಿ ಚುಕ್ಕೆ ರೋಗ ತರುವ ಕ್ರಿಪ್ಟೊಕ್ಯಾರಿಯನ್‌ಗೂ ಇದಕ್ಕೂ ಒಂದು ಮುಖ್ಯ ವ್ಯತ್ಯಾಸವಿದೆ. ಕ್ರಿಪ್ಟೊಕ್ಯಾರಿಯನ್‌ಗೆ ಮೀನು ಬೇಕೇ ಬೇಕು. ಮೀನಿನ ಮೈಯಿಂದ ಉದುರಿ, ತಳದಲ್ಲಿ ಗೂಡು ಕಟ್ಟಿ, ಮೂರು ದಿನದಿಂದ 72 ದಿನದವರೆಗೆ ಯಾವಾಗ ಬೇಕಾದರೂ ಅದು ಮರಿಗಳನ್ನು ಹೊರಬಿಡಬಹುದು. ಆ ಮರಿಗಳಿಗೆ ಒಂದೆರಡು ದಿನದಲ್ಲಿ ಮೀನು ಸಿಗದಿದ್ದರೆ ಸಾಯುತ್ತವೆ. ಆದ್ದರಿಂದಲೇ ರೋಗ ಹೊಕ್ಕ ಟ್ಯಾಂಕನ್ನು ಹವ್ಯಾಸಿಗಳು ಎರಡೂವರೆ ತಿಂಗಳು ಮೀನಿಲ್ಲದೆ ಖಾಲಿ ಬಿಡುತ್ತಾರೆ. ಯುರೊನೀಮಾಕ್ಕೆ ಈ ಆಟ ನಡೆಯುವುದಿಲ್ಲ. ಅದು ಬ್ಯಾಕ್ಟೀರಿಯಾ, ಕೊಳೆತ ಪದಾರ್ಥ ತಿಂದುಕೊಂಡು ಮೀನಿಲ್ಲದೆಯೂ ಬದುಕುತ್ತದೆ. ಬಿಳಿ ಚುಕ್ಕೆಗೆ ಮದ್ದಾದ ತಾಮ್ರವನ್ನೂ ಅದು ಲೆಕ್ಕಿಸುವುದಿಲ್ಲ. ಇಂಥ ಜೀವಿ ಎಲ್ಲ ಕಡೆಯೂ ಅಷ್ಟಿಷ್ಟು ಇದ್ದೇ ಇರುತ್ತದೆ. ಪ್ರಯಾಣದಲ್ಲಿ ಬಳಲಿ, ಹೊಟ್ಟೆಗಿಲ್ಲದೆ, ಅಟ್ಟಿಸಿಕೊಂಡು ಮೈ ತರಚಿದ ಮೀನಿನ ಮೇಲೆ ಅದರ ಕೈ ಮೇಲಾಗುತ್ತದೆ. ಜಗಳ, ರೋಗ ಎರಡೂ ಒಂದಕ್ಕೊಂದು ದಾರಿ ಮಾಡಿಕೊಡುತ್ತವೆ.

ಹೊಸ ನೀರಿನ ಇಕ್ಕಟ್ಟು

ಪ್ಲವಕ ತಿನ್ನುವ ಮೀನಿಗೆ ಹೊಟ್ಟೆ ಚಿಕ್ಕದು, ಹಗಲೆಲ್ಲ ಊಟ ಬೇಕು. ಕ್ರೋಮಿಸ್‌ಗೆ ದಿನಕ್ಕೆ ಮೂರು ಸಲವಾದರೂ ಚೂರುಚೂರು ಆಹಾರ ಬೀಳಬೇಕು. ಆಂಥಿಯಾಸ್ ಎಂಬ ಇನ್ನೊಂದು ಗುಂಪಿನ ಮೀನಿಗಾದರೆ ಇನ್ನೂ ಹೆಚ್ಚು. ಹೊಟ್ಟೆ ತುಂಬಿದಷ್ಟೂ ಜಗಳ ಕಡಿಮೆ. ಆದರೆ ಹಾಕಿದ ಊಟವೆಲ್ಲ ಕೊನೆಗೆ ಅಮೋನಿಯಾ ಆಗುತ್ತದೆ. ಹೊಸ ಟ್ಯಾಂಕಿಗೆ ತಾಳಿಕೊಳ್ಳಲಾಗದ್ದು ಅದನ್ನೇ. ಹಿಂಡಿನ ಮೀನು ಹೊಸ ಟ್ಯಾಂಕಿಗೆ ಸಲ್ಲದು ಎನ್ನುವ ಮಾತಿನ ಮೂಲ ಇಲ್ಲಿದೆ.

ಅಮೋನಿಯಾವನ್ನು ನೈಟ್ರೈಟ್ ಆಗಿ, ನೈಟ್ರೈಟನ್ನು ನೈಟ್ರೇಟ್ ಆಗಿ ಬದಲಿಸುವ ಬ್ಯಾಕ್ಟೀರಿಯಾ ಕಲ್ಲು, ಮರಳಿನ ಮೇಲೆ ನೆಲೆಯೂರಲು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಬೇಕು. ಸಮುದ್ರದ ನೀರಿನಲ್ಲಿ ಇದು ಇನ್ನಷ್ಟು ನಾಜೂಕಿನ ವಿಷಯ. ಅಲ್ಲಿ ಪಿಎಚ್ 8.2ರ ಆಸುಪಾಸು. ಅಷ್ಟೇ ಅಮೋನಿಯಾ ಇದ್ದರೂ ಪಿಎಚ್ 7ರ ಸಿಹಿನೀರಿಗಿಂತ ಹತ್ತು ಪಟ್ಟಿಗೂ ಹೆಚ್ಚು ಪಾಲು ವಿಷರೂಪದಲ್ಲಿರುತ್ತದೆ. ಗೋಲ್ಡ್‌ಫಿಶ್ ತೊಟ್ಟಿಯ ಅನುಭವ ಇಲ್ಲಿ ನೆರವಿಗೆ ಬರುವುದಿಲ್ಲ.

ಹಿಂದೆ ಈ ಬ್ಯಾಕ್ಟೀರಿಯಾ ಬೆಳೆಸಲು ಗಟ್ಟಿ ಜೀವದ ಡ್ಯಾಮ್ಸೆಲ್ ಮೀನುಗಳನ್ನು ಬಲಿ ಬಿಡುತ್ತಿದ್ದರು. ಸತ್ತರೆ ಸತ್ತವು, ಬದುಕಿದವು ಇಡೀ ಟ್ಯಾಂಕಿಗೆ ಯಜಮಾನರಾಗಿ ಆಮೇಲೆ ಬಂದವರನ್ನೆಲ್ಲ ಕಚ್ಚಿದವು. ಈಗ ಅದರ ಅಗತ್ಯವಿಲ್ಲ. ಅಮೋನಿಯಂ ಕ್ಲೋರೈಡ್ ದ್ರಾವಣವನ್ನು ಅಳತೆ ನೋಡಿ ಹಾಕಿ, ಲೀಟರಿಗೆ ಎರಡು ಮಿಲಿಗ್ರಾಂ ಅಮೋನಿಯಾ 24 ಗಂಟೆಯಲ್ಲಿ ಮಾಯವಾಗುವವರೆಗೆ ಕಾಯಬೇಕು. ಉಳಿದ ಮೀನುಗಳನ್ನು ಒಂದೊಂದಾಗಿ ಬಿಡಬಹುದು. ಹಿಂಡಿನ ಮೀನನ್ನು ಒಟ್ಟಿಗೇ ಬಿಡಬೇಕು, ಇಲ್ಲವಾದರೆ ಮೊದಲು ಬಂದದ್ದು ಕೊನೆಗೆ ಬಂದದ್ದನ್ನು ಬಾಳಿಸುವುದಿಲ್ಲ. ಆರು ಬಾಯಿ ಒಂದೇ ದಿನ ಬರುವುದಾದರೆ ಆರು ಬಾಯಿಯ ಕಸ ಅರಗಿಸುವ ಶಕ್ತಿ ನೀರಿಗೆ ಮೊದಲೇ ಬಂದಿರಬೇಕು.

ಜಾಗದ ಮಾತಿಗೆ ಬಂದರೆ, ನಾಲ್ಕಡಿ ಉದ್ದ, ಎರಡಡಿ ಅಗಲ, ಎರಡಡಿ ಎತ್ತರದ ಟ್ಯಾಂಕಿನಲ್ಲಿ ಸುಮಾರು 450 ಲೀಟರ್ ನೀರು ಹಿಡಿಯುತ್ತದೆ. ನನ್ನ ಲೆಕ್ಕದಲ್ಲಿ ಕ್ರೋಮಿಸ್ ಗುಂಪಿಗೆ ಇದು ಕನಿಷ್ಠ. ನೀರೇ ನಾಲ್ಕೂವರೆ ಕ್ವಿಂಟಲ್, ಅದರ ಮೇಲೆ ಕಲ್ಲು, ಮರಳು, ಗಾಜು, ಸ್ಟ್ಯಾಂಡ್. ಅಪಾರ್ಟ್‌ಮೆಂಟಿನ ಮೇಲಿನ ಮಹಡಿಯವರು ಮೀನಿನ ಬಗ್ಗೆ ಕೇಳುವ ಮೊದಲು ತೊಲೆ ಎಲ್ಲಿದೆ ಎಂದು ಕೇಳುವುದು ಒಳ್ಳೆಯದು. ಅಷ್ಟು ಜಾಗ ಇಲ್ಲದವರು ಹಿಂಡಿನ ಆಸೆ ಬಿಟ್ಟು ಒಂದು ಜೋಡಿ ಕ್ಲೌನ್ ಮೀನು ಸಾಕುವುದೇ ಲೇಸು.

ಬೆಂಗಳೂರಿನ ಕಾವೇರಿ ನೀರಿನಲ್ಲಿ ಕ್ಲೋರಿನ್, ಬೋರ್‌ವೆಲ್ ನೀರಿನಲ್ಲಿ ಸುಣ್ಣದಂಶ. ಎರಡನ್ನೂ ಆರ್‌ಒ ದಾಟಿಸಿ, ಸಾಧ್ಯವಾದರೆ ಡಿಅಯೊನೈಜಿಂಗ್ ರಾಳದ ಮೂಲಕವೂ ಹಾಯಿಸಿ, ಆಮೇಲೆ ಸಾಲ್ಟ್ ಮಿಕ್ಸ್ ಕಲಸಬೇಕು. ಅಡುಗೆ ಉಪ್ಪು ನಡೆಯುವುದಿಲ್ಲ, ಅದರಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಬೇಕಾದ ಪ್ರಮಾಣದಲ್ಲಿ ಇರುವುದಿಲ್ಲ. ಲವಣಾಂಶ ಸಾವಿರಕ್ಕೆ 35, ಉಷ್ಣತೆ 25ರಿಂದ 27 ಡಿಗ್ರಿ. ಬೆಂಗಳೂರಿನವರಿಗೆ ಡಿಸೆಂಬರಿನಲ್ಲಿ ಹೀಟರ್ ಬೇಕು, ಮಂಗಳೂರಿನವರಿಗೆ ಏಪ್ರಿಲಿನಲ್ಲಿ ಚಿಲ್ಲರ್. ಕರೆಂಟ್ ಹೋದಾಗಿನ ಗಂಡಾಂತರ ಮಾತ್ರ ಇಬ್ಬರಿಗೂ ಒಂದೇ. 25 ಡಿಗ್ರಿಯ ಸಿಹಿನೀರು ಲೀಟರಿಗೆ ಎಂಟು ಮಿಲಿಗ್ರಾಮಿಗಿಂತ ತುಸು ಹೆಚ್ಚು ಆಮ್ಲಜನಕ ಹಿಡಿದುಕೊಂಡರೆ ಸಮುದ್ರದ ನೀರು ಏಳಕ್ಕೂ ಕಡಿಮೆ ಹಿಡಿಯುತ್ತದೆ. ಸದಾ ಈಜುವ ಗುಂಪು ಅದನ್ನು ಬೇಗ ಮುಗಿಸುತ್ತದೆ. ಬ್ಯಾಟರಿಯ ಏರ್ ಪಂಪ್ ಇಲ್ಲದೆ ಈ ಹವ್ಯಾಸಕ್ಕೆ ಕೈ ಹಾಕಬಾರದು.

ಕಲ್ಲಿನ ವಿಷಯದಲ್ಲಿ ಒಂದು ಎಚ್ಚರಿಕೆ. ಗಟ್ಟಿ ಹವಳಗಳು ನಮ್ಮ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಒಂದನೇ ಪರಿಶಿಷ್ಟದಲ್ಲಿವೆ, ಹುಲಿಯ ಜೊತೆಗೆ. ‘ಲೈವ್ ರಾಕ್’ ಹೆಸರಿನಲ್ಲಿ ಯಾರಾದರೂ ಹವಳದ ತುಂಡು ಕೊಡಲು ಬಂದರೆ ಬೇಡ ಎನ್ನಿ. ಸೆರಾಮಿಕ್ ಕಲ್ಲು ಸಾಕು. ಕೊಂಬೆಗಳಿರುವ ಆಕಾರದ್ದನ್ನು ಆರಿಸಿದರೆ ಇನ್ನೂ ಒಳ್ಳೆಯದು. ಕ್ರೋಮಿಸ್‌ಗೆ ಬೇಕಾದದ್ದು ನುಗ್ಗಿ ಅಡಗಲು ಒಂದೊಂದಕ್ಕೂ ಒಂದು ಸಂದಿ.

ಅಂಗಡಿಯಲ್ಲಿ

ಗಾಜಿಗೆ ಮೂಗು ತಾಗಿಸಿ ನಿಂತರೆ ಮೀನು ತನ್ನ ನಿಜ ತೋರಿಸುವುದಿಲ್ಲ. ನಾಲ್ಕು ಹೆಜ್ಜೆ ದೂರ ನಿಂತು ಹತ್ತು ನಿಮಿಷ ನೋಡಬೇಕು. ಕಿವಿರು ಸಮವಾಗಿ ಆಡುತ್ತಿದೆಯೇ, ಇಲ್ಲ ಏದುಸಿರೇ? ಬೆನ್ನಿನ ಮೇಲ್ಭಾಗ, ತಲೆಯ ಹಿಂದೆ ಮಾಂಸ ತುಂಬಿದೆಯೇ? ಹೊಟ್ಟೆ ಬೆನ್ನಿಗೆ ಅಂಟಿದ ಮೀನು ಎಷ್ಟೇ ಚುರುಕಾಗಿ ಕಂಡರೂ ಬೇಡ. ಅಂಥದ್ದು ಊಟಕ್ಕೆ ಬಂದರೂ ಚೇತರಿಸಿಕೊಳ್ಳುವುದು ಕಷ್ಟ. ಗುಂಪಿನಿಂದ ಸರಿದು ಮೂಲೆಯಲ್ಲಿ, ನೀರಿನ ಮೇಲ್ಮಟ್ಟದಲ್ಲಿ ನಿಂತಿರುವುದನ್ನು ಬಿಡಿ. ಪಕ್ಕೆಯ ಕೆಂಪು ಕಲೆಯನ್ನಂತೂ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಹುಡುಕಬೇಕು. ಒಂದರಲ್ಲಿ ಕಂಡರೆ ಆ ಟ್ಯಾಂಕಿನ ಯಾವ ಮೀನನ್ನೂ ತೆಗೆದುಕೊಳ್ಳಬಾರದು. ಅಂಗಡಿಗಳಲ್ಲಿ ಸಾಲಾಗಿ ಇರುವ ಟ್ಯಾಂಕುಗಳೆಲ್ಲ ಬಹುಮಟ್ಟಿಗೆ ಕೆಳಗಿನ ಒಂದೇ ಸಂಪಿನ ನೀರಿನ ಮೇಲೆ ನಡೆಯುತ್ತವೆ, ವಠಾರಕ್ಕೆಲ್ಲ ಒಂದೇ ಬಾವಿ ಇದ್ದ ಹಾಗೆ. ಆಚೆ ಟ್ಯಾಂಕಿನ ಕಾಯಿಲೆ ಈಚೆಯದಕ್ಕೂ ಸೇರಿದ್ದೇ.

ಹೊಸ ಸ್ಟಾಕ್ ಬಂದ ದಿನವೇ ಓಡುವುದು ಹವ್ಯಾಸಿಗಳ ದೊಡ್ಡ ದೌರ್ಬಲ್ಯ. ಬದಲಿಗೆ ಮುಂಗಡ ಕೊಟ್ಟು, ಒಂದೆರಡು ವಾರ ಅಲ್ಲೇ ಇರಲಿ ಎನ್ನಿ. ಸಾಯುವ ಮೀನುಗಳಲ್ಲಿ ಹೆಚ್ಚಿನವು ಆ ಅವಧಿಯಲ್ಲೇ ಸಾಯುತ್ತವೆ. ಫಿಲಿಪ್ಪೀನ್ಸಿನಲ್ಲಿ 1960ರ ದಶಕದಲ್ಲಿ ಶುರುವಾದ, ಹವಳದ ಸಂದಿಗೆ ಸಯನೈಡ್ ಚಿಮ್ಮಿಸಿ ಮೀನನ್ನು ಅಮಲೇರಿಸಿ ಹಿಡಿಯುವ ಪದ್ಧತಿ ಆಗ್ನೇಯ ಏಷ್ಯಾದಿಂದ ಇನ್ನೂ ಪೂರ್ತಿ ಹೋಗಿಲ್ಲ. ಹಾಗೆ ಹಿಡಿದ ಮೀನು ಅಂಗಡಿಯಲ್ಲಿ ಚೆನ್ನಾಗೇ ಕಾಣುತ್ತದೆ, ಊಟವನ್ನೂ ಮಾಡಬಹುದು, ಆಮೇಲೊಂದು ದಿನ ಕಾರಣವಿಲ್ಲದೆ ಸಾಯುತ್ತದೆ. ಕಾಯುವುದರಿಂದ ಆ ಅಪಾಯ ಪೂರ್ತಿ ತಪ್ಪದಿದ್ದರೂ ಕಡಿಮೆಯಾಗುತ್ತದೆ.

ಮನೆಗೆ ತಂದ ಚೀಲದ ವಿಷಯದಲ್ಲಿ ಹಳೆಯ ಸಲಹೆಯೊಂದು ಅರ್ಧ ಸರಿ, ಅರ್ಧ ತಪ್ಪು. ಹನಿಹನಿಯಾಗಿ ಟ್ಯಾಂಕಿನ ನೀರು ಬಿಟ್ಟು ಗಂಟೆಗಟ್ಟಲೆ ಒಗ್ಗಿಸಬೇಕು ಎನ್ನುತ್ತಾರೆ. ಪಕ್ಕದ ಅಂಗಡಿಯಿಂದ ತಂದದ್ದಾದರೆ ತೊಂದರೆಯಿಲ್ಲ. ದೂರದೂರಿನಿಂದ ಕೊರಿಯರಿನಲ್ಲಿ ಬಂದ ಚೀಲದಲ್ಲಿ ಅಮೋನಿಯಾ ತುಂಬಿರುತ್ತದೆ, ಮೀನಿನ ಉಸಿರಿನ ಇಂಗಾಲದ ಡೈಆಕ್ಸೈಡ್‌ನಿಂದ ಪಿಎಚ್ ಇಳಿದಿರುವುದರಿಂದ ಅದು ಅಷ್ಟಾಗಿ ಕಾಡಿರುವುದಿಲ್ಲ. ಚೀಲ ಬಿಚ್ಚಿದಿರೋ, ಅನಿಲ ಹೊರಹೋಗಿ ಪಿಎಚ್ ಏರುತ್ತದೆ, ಅದೇ ಅಮೋನಿಯಾ ವಿಷವಾಗುತ್ತದೆ. ಅಂಥ ಮೀನನ್ನು ಅದೇ ನೀರಿನಲ್ಲಿ ಹೊತ್ತುಗಟ್ಟಲೆ ನಿಲ್ಲಿಸಬಾರದು. ಕಳಿಸುವವರಲ್ಲಿ ಲವಣಾಂಶ ಎಷ್ಟು ಎಂದು ಮೊದಲೇ ಕೇಳಿ, ಕ್ವಾರಂಟೈನ್ ಟ್ಯಾಂಕನ್ನು ಅಷ್ಟಕ್ಕೇ ಇಟ್ಟುಕೊಂಡು, ಚೀಲ ತೇಲಿಸಿ ಉಷ್ಣತೆ ಸಮವಾದ ಕೂಡಲೇ ವರ್ಗಾಯಿಸಬೇಕು. ಉಪ್ಪು ಉಳಿಸಲೆಂದೋ, ಪರೋಪಜೀವಿ ತಡೆಯಲೆಂದೋ ಕೆಲವು ಅಂಗಡಿಗಳು ನೀರನ್ನು ಸಪ್ಪೆಯಾಗಿಯೇ ಇಟ್ಟಿರುತ್ತವೆ. ಆ ಮೀನನ್ನು 35ಕ್ಕೆ ಏರಿಸುವುದು ಕೆಲವು ದಿನಗಳ ಕೆಲಸ. ಲವಣಾಂಶ ಇಳಿದದ್ದನ್ನು ಮೀನು ತಾಳಿಕೊಳ್ಳುತ್ತದೆ, ಒಮ್ಮೆಗೇ ಏರಿದ್ದನ್ನು ತಾಳುವುದಿಲ್ಲ.

ಕ್ವಾರಂಟೈನ್ ಎಂದರೆ ದೊಡ್ಡ ಏರ್ಪಾಡೇನೂ ಅಲ್ಲ. ನೂರು ಲೀಟರಿನ ಬೋಳು ಟ್ಯಾಂಕ್, ಸ್ಪಾಂಜ್ ಫಿಲ್ಟರ್, ಹೀಟರ್, ಅಡಗಲು ಪಿವಿಸಿ ಪೈಪಿನ ತುಂಡುಗಳು, ಮೇಲೆ ಮುಚ್ಚಳ. ಸ್ಪಾಂಜನ್ನು ಮೊದಲೇ ದೊಡ್ಡ ಟ್ಯಾಂಕಿನ ಸಂಪಿನಲ್ಲಿಟ್ಟು ಬ್ಯಾಕ್ಟೀರಿಯಾ ಹತ್ತಿಸಿರಬೇಕು. ಅಲ್ಲಿ ನಾಲ್ಕಾರು ವಾರ. ಬಿಳಿ ಚುಕ್ಕೆ ಕಂಡರೆ ತಾಮ್ರ, ಅಯಾನಿಕ್ ರೂಪದ್ದಾದರೆ ಲೀಟರಿಗೆ 0.15ರಿಂದ 0.20 ಮಿಲಿಗ್ರಾಂ, ದಿನವೂ ಟೆಸ್ಟ್ ಕಿಟ್‌ನಿಂದ ಅಳೆದು. ದೊಡ್ಡ ಟ್ಯಾಂಕಿಗೆ ತಾಮ್ರ ಹಾಕಿದರೆ ಸೀಗಡಿ, ಬಸವನಹುಳುಗಳೆಲ್ಲ ಮುಗಿದಂತೆ.

ಯಾವುದನ್ನು ತರೋಣ?

ಕ್ರೋಮಿಸ್ ಅಲ್ಲದಿದ್ದರೆ ಮತ್ತೇನು? ನನ್ನ ಮೊದಲ ಮತ ಪೈಜಾಮ ಕಾರ್ಡಿನಲ್‌ಗೆ. ಪಶ್ಚಿಮ ಪೆಸಿಫಿಕ್ಕಿನ ಮೀನು. ಮುಖ ಹಳದಿ, ನಡುವೆ ಕಪ್ಪು ಪಟ್ಟಿ, ಹಿಂಭಾಗಕ್ಕೆ ಕಂದುಕೆಂಪು ಚುಕ್ಕೆಗಳ ಪೈಜಾಮ. ಮೂರು ಬೇರೆಬೇರೆ ಮೀನಿನ ತುಂಡು ಜೋಡಿಸಿದಂಥ ವೇಷ. ರಾತ್ರಿ ಬೇಟೆಯಾಡುವ ಮೀನಾದ್ದರಿಂದ ಹಗಲಿನಲ್ಲಿ ಐದಾರು ಒಟ್ಟಿಗೆ ನಿಧಾನ ತೇಲುತ್ತವೆ, ಜಗಳಗಂಟತನ ಕಡಿಮೆ. ಓಡಾಟ ನೋಡಬೇಕೆನ್ನುವವರಿಗೆ ಮಂಕು ಅನಿಸಬಹುದು. ಆದರೆ ಜೀವ ಗಟ್ಟಿ.

ಅದರ ದಾಯಾದಿ ಬಂಗ್ಗಾಯ್ ಕಾರ್ಡಿನಲ್ ನೋಡಲು ಹೆಚ್ಚು ಚೆಲುವು, ಸಾಕಲು ಹೆಚ್ಚು ಮೋಸ. ಇಂಡೊನೇಷ್ಯಾದ ಸುಲವೇಸಿ ಪಕ್ಕದ ಬಂಗ್ಗಾಯ್ ದ್ವೀಪಗಳಷ್ಟೇ ಇದರ ತವರು. 1933ರಲ್ಲಿ ಕೌಮನ್ಸ್ ವಿವರಿಸಿದ ಮೇಲೆ ಮರೆವಿಗೆ ಸಂದು, 1994ರಲ್ಲಿ ಜೆರಾಲ್ಡ್ ಅಲೆನ್ ಮತ್ತೆ ಬೆಳಕಿಗೆ ತಂದದ್ದೇ ತಡ, ಅಕ್ವೇರಿಯಂ ವ್ಯಾಪಾರ ಮುಗಿಬಿತ್ತು. ಗಂಡು ಮೊಟ್ಟೆ, ಮರಿಗಳನ್ನು ಬಾಯಲ್ಲೇ ಇಟ್ಟುಕೊಂಡು ಸಾಕುತ್ತದೆ. ಮರಿಗಳು ಬೇರೆ ಮೀನಿನ ಮರಿಗಳಂತೆ ಪ್ರವಾಹದಲ್ಲಿ ತೇಲಿ ದೂರ ಹರಡುವುದಿಲ್ಲ, ಅಲ್ಲೇ ಕಡಲ ಮುಳ್ಳುಚೆಂಡುಗಳ ಮುಳ್ಳಿನ ನಡುವೆ ಬೆಳೆಯುತ್ತವೆ. ಒಂದು ಕೊಲ್ಲಿಯಲ್ಲಿ ಹಿಡಿದು ಮುಗಿಸಿದರೆ ಅಲ್ಲಿಗೆ ಹೊರಗಿನಿಂದ ತುಂಬಿಕೊಳ್ಳುವುದು ಕಷ್ಟ. 2007ರಲ್ಲಿ ಐಯುಸಿಎನ್ ಅದನ್ನು ಅಳಿವಿನಂಚಿನ ಪಟ್ಟಿಗೆ ಸೇರಿಸಿತು. ಟ್ಯಾಂಕಿನಲ್ಲಿ ಮರಿಗಳಾಗಿರುವಾಗ ಗುಂಪಾಗಿರುವ ಇವು ಬೆಳೆದು ಒಂದು ಜೋಡಿ ಕೂಡಿದೊಡನೆ ಉಳಿದವನ್ನು ಕೊಂದುಹಾಕುತ್ತವೆ. ತರುವುದಾದರೆ ಹ್ಯಾಚರಿಯಲ್ಲಿ ಹುಟ್ಟಿದ ಜೋಡಿ, ಅಷ್ಟೇ.

ಆಂಥಿಯಾಸ್‌ನ ಕಿತ್ತಳೆ ಬಣ್ಣಕ್ಕೆ ಮರುಳಾಗದವರಿಲ್ಲ. ಅದರ ಸಂಸಾರವೂ ವಿಚಿತ್ರ. ಒಂದು ಗಂಡು, ಹಲವು ಹೆಣ್ಣು. ಗಂಡು ಸತ್ತರೆ ಒಂದು ಹೆಣ್ಣು ಗಂಡಾಗಿ ಬದಲಾಗುತ್ತದೆ ಎಂದು ಇಸ್ರೇಲಿನ ಲೆವ್ ಫಿಶೆಲ್ಸನ್ 1970ರಲ್ಲೇ ತೋರಿಸಿದ್ದರು. ಹಾಗಾಗಿ ಎಲ್ಲ ಚಿಕ್ಕ ಹೆಣ್ಣುಗಳನ್ನೇ ತಂದರೂ ಗಂಡು ತಾನಾಗಿ ತಯಾರಾಗುತ್ತದೆ. ಆದರೆ ದಿನಕ್ಕೆ ನಾಲ್ಕೈದು ಸಲ ಊಟ ಹಾಕುವ ಪುರುಸೊತ್ತೂ, ಅದನ್ನು ಅರಗಿಸುವ ಹಳೆಯ ಟ್ಯಾಂಕೂ ಇದ್ದವರಿಗೆ ಮಾತ್ರ. ಮೊದಲ ವರ್ಷ ಬೇಡ.

ನಿಜವಾಗಿಯೂ ಹಿಂಡು ಕಟ್ಟುವುದು ನಮ್ಮ ಅಳಿವೆಗಳಲ್ಲೇ ಸಿಗುವ ಮೋನೊ. ಬೆಳ್ಳಿಯ ಬಿಲ್ಲೆಯಂಥ ಚಪ್ಪಟೆ ಮೈ, ಸಿಹಿನೀರಿನಿಂದ ಕಡಲ ನೀರಿನವರೆಗೆ ಎಲ್ಲದಕ್ಕೂ ಒಗ್ಗುವ ಗಟ್ಟಿ ಜೀವ, ಸದಾ ಬೆದರಿದ ಕಣ್ಣು. ಅಂಗಡಿಯಲ್ಲಿ ಎರಡಿಂಚು ಇದ್ದದ್ದು ಮುಂದೆ ಇಪ್ಪತ್ತು ಸೆಂಟಿಮೀಟರ್ ದಾಟುತ್ತದೆ. ಆರು ಮೋನೊಗೆ ಆರಡಿ ಟ್ಯಾಂಕೂ ಸಾಲದು.

ಇನ್ನು ಬರುವುದು ಮೂಲದ ಪ್ರಶ್ನೆ. ನಮ್ಮ ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆ, ಸಿಎಂಎಫ್‌ಆರ್‌ಐ, ಕ್ಲೌನ್ ಮೀನು ಮತ್ತು ಹಲವು ಡ್ಯಾಮ್ಸೆಲ್ ಜಾತಿಗಳನ್ನು ತೊಟ್ಟಿಯಲ್ಲೇ ಮರಿ ಮಾಡಿಸುವ ವಿಧಾನಗಳನ್ನು ರೂಪಿಸಿದೆ. ಕ್ಲೌನ್ ಮೀನಿನ ಮರಿ ಹುಟ್ಟುವಾಗಲೇ ದೊಡ್ಡದು, ರೋಟಿಫರ್ ತಿಂದು ಬೆಳೆಯುತ್ತದೆ. ಕ್ರೋಮಿಸ್‌ನಂಥ ಡ್ಯಾಮ್ಸೆಲ್‌ಗಳ ಮರಿ ತೀರಾ ಸಣ್ಣದು, ಅದರ ಬಾಯಿಗೆ ಕೋಪೆಪಾಡ್ ಎಂಬ ಪ್ಲವಕದ ಎಳೆಮರಿಗಳನ್ನೇ ಬೆಳೆಸಿ ಕೊಡಬೇಕು. ಹಾಗಾಗಿ ಹ್ಯಾಚರಿಯ ಕ್ಲೌನ್ ಸುಲಭವಾಗಿ ಸಿಗುತ್ತದೆ, ಕ್ರೋಮಿಸ್ ಬಹುಪಾಲು ಸಮುದ್ರದಿಂದಲೇ ಬರುತ್ತದೆ. ಅಂಗಡಿಯವರಲ್ಲಿ ಮೂರು ಪ್ರಶ್ನೆ ಕೇಳಿ: ಇದು ಹ್ಯಾಚರಿಯದಾ, ಕಡಲಿನದಾ? ಬಂದು ಎಷ್ಟು ದಿನವಾಯಿತು? ಈಗ ನನ್ನ ಎದುರಿಗೆ ಊಟ ಹಾಕಿ ತೋರಿಸ್ತೀರಾ? ಮೂರನೆಯದಕ್ಕೆ ‘ಈಗ ತಾನೇ ತಿಂದಿವೆ ಸಾರ್’ ಎಂಬ ಉತ್ತರ ಬಂದರೆ ಅವತ್ತು ಬರಿಗೈಲಿ ಮನೆಗೆ ಬನ್ನಿ, ಮಾರನೆಯ ವಾರ ಬೆಳಿಗ್ಗೆ ಅಂಗಡಿ ತೆರೆಯುವ ಹೊತ್ತಿಗೆ ಹೋಗಿ.